ವ್ಯಾಂಪೈರ್ ಕಥೆಗೆ ಸ್ವಂತ ಪಾತ್ರ ಕಟ್ಟುವುದು, ಹಳೆಯ ಪಾತ್ರವನ್ನು ತಿದ್ದುವುದು: ಹಂತ ಹಂತವಾಗಿ

ವ್ಯಾಂಪೈರ್ ಫ್ಯಾಂಟಸಿ ಬರೆಯಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಮೊದಲು ಚಿತ್ರ ಬಿಡಿಸುತ್ತಾರೆ: ಬಿಳಿಚಿದ ಮುಖ, ಕೆಂಪು ಕಣ್ಣು, ನೆಲ ಗುಡಿಸುವ ಕಪ್ಪು ಕೋಟು. ಆಮೇಲೆ ಒಂದು ಹೆಸರು, ಒಂದು ದುರಂತ, ಶಕ್ತಿಗಳ ಉದ್ದನೆಯ ಪಟ್ಟಿ. ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಆ ಪಾತ್ರಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಕಿಟಕಿ ಪಕ್ಕ ನಿಂತು ಕೊರಗುತ್ತಾ ಇರುತ್ತದೆ. ಓದುಗರು "ಇದನ್ನು ಎಲ್ಲೋ ನೋಡಿದ್ದೇನೆ" ಎಂದಾಗ ಕೂದಲಿನ ಬಣ್ಣ ಬದಲಾಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ಇಲ್ಲಿ ಕೊಟ್ಟಿರುವ ಕ್ರಮ ಅದಕ್ಕೆ ತಿರುವುಮುರುವು. ನಿಯಮ ಮೊದಲು, ನಂತರ ಹಸಿವು, ನಂತರ ಭೂತಕಾಲ, ರೂಪ ಬರುವುದು ತೀರಾ ತಡವಾಗಿ. ಹೊಸ ಪಾತ್ರಕ್ಕೂ ಹಳೆಯದರ ರೀಡಿಸೈನ್‌ಗೂ ಇದೇ ಕ್ರಮ. ಹಂತಗಳನ್ನು ಅದಲುಬದಲು ಮಾಡಬೇಡಿ.

ಮೊದಲು ಹೊಂದಿಸಿಕೊಳ್ಳಬೇಕಾದ್ದು

ಒಂದು ನೋಟ್‌ಬುಕ್, ಪೆನ್ಸಿಲ್, ವರ್ಷಗಳ ಪಟ್ಟಿ ಬರೆಯಲು ಒಂದು ಸ್ಪ್ರೆಡ್‌ಶೀಟ್ ಅಥವಾ ದೊಡ್ಡ ಹಾಳೆ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವವರಿಗೆ ಕ್ರಿಟಾದಂಥ ಉಚಿತ ತಂತ್ರಾಂಶ ಧಾರಾಳ ಸಾಕು. ಕಾಗದದ ಮೇಲೆ ಬಿಡಿಸುವವರಿಗೆ ಫೋನಿನ ಕ್ಯಾಮೆರಾ ಬೇಕು, ಏಕೆಂದು ಐದನೇ ಹಂತದಲ್ಲಿ ತಿಳಿಯುತ್ತದೆ. ಚಿತ್ರ ಬಾರದವರು ಹಿಂಜರಿಯಬೇಕಿಲ್ಲ. ಇಲ್ಲಿನ ಮುಕ್ಕಾಲು ಕೆಲಸ ಬರವಣಿಗೆಯದ್ದೇ.

ರೆಫರೆನ್ಸ್ ಚಿತ್ರಗಳನ್ನು ಈಗಲೇ ಕೂಡಿಹಾಕಬೇಡಿ. ಕಣ್ಣಿಗೆ ಬಿದ್ದದ್ದು ಕೈಯಲ್ಲಿ ಇಳಿಯುತ್ತದೆ, ಆಮೇಲೆ ಬೇರೆ ಯೋಚನೆ ಹತ್ತುವುದಿಲ್ಲ.

ಹಂತ 1: ನಿಮ್ಮ ಲೋಕದ ನಿಯಮ ಬರೆಯಿರಿ

ಆರು ಸಾಲು ಬರೆದುಕೊಳ್ಳಿ: ಬಿಸಿಲು, ಕನ್ನಡಿ, ಹೊಸ್ತಿಲು (ಕರೆಯದೆ ಮನೆಯೊಳಗೆ ಬರಲಾಗದು ಎಂಬ ನಂಬಿಕೆ), ಬೆಳ್ಳಿ, ಹರಿಯುವ ನೀರು, ಹೊಸ ವ್ಯಾಂಪೈರ್ ಹುಟ್ಟುವ ಬಗೆ. ಪ್ರತಿ ಸಾಲಿನ ಮುಂದೆ "ಏನಾಗುತ್ತದೆ" ಮತ್ತು "ಯಾಕೆ" ಎರಡನ್ನೂ ಬರೆಯಿರಿ. ಬೇಡವಾದ ನಿಯಮವನ್ನು ಧೈರ್ಯವಾಗಿ ಹೊಡೆದುಹಾಕಿ. ಬಿಸಿಲು ತಾಗಿದರೆ ವ್ಯಾಂಪೈರ್ ಸಾಯಲೇಬೇಕು ಎಂಬ ಕಟ್ಟಳೆ ಎಲ್ಲೂ ಇಲ್ಲ. 1897ರ 'ಡ್ರಾಕುಲಾ' ಕಾದಂಬರಿಯ ಕೌಂಟ್ ಹಗಲಲ್ಲೇ ಓಡಾಡುತ್ತಾನೆ, ಶಕ್ತಿ ಕುಂದಿರುತ್ತದೆ ಅಷ್ಟೆ. ಬಿಸಿಲಿಗೆ ಸಾಯುವುದು ಗಟ್ಟಿಯಾಗಿ ಬೇರೂರಿದ್ದು 1922ರ ಮೂಕಿ ಚಿತ್ರ 'ನೊಸ್ಫೆರಾಟು' ನಂತರ.

"ಯಾಕೆ" ಎಂಬ ಕಾಲಂ ಖಾಲಿ ಬಿಟ್ಟರೆ ಮುಂದೆ ಸಿಕ್ಕಿಬೀಳುತ್ತೀರಿ. ಕನ್ನಡಿಯಲ್ಲಿ ಬಿಂಬ ಕಾಣದಿರಲು ಕಾರಣ ಹಿಂದಿನ ಬೆಳ್ಳಿ ಲೇಪ ಎಂದಿರೋ, ಅಲ್ಯೂಮಿನಿಯಂ ಲೇಪದ ಕನ್ನಡಿಯಲ್ಲಿ, ನಿಂತ ನೀರಿನಲ್ಲಿ, ಫೋನಿನ ಪರದೆಯಲ್ಲಿ ಬಿಂಬ ಕಾಣಬೇಕು. ಕಾರಣ ಆತ್ಮ ಇಲ್ಲದಿರುವುದು ಎಂದರೆ ಎಲ್ಲಿಯೂ ಕಾಣಬಾರದು. ಆಗ ಮುಖ ಕ್ಷೌರ ಮಾಡಿಕೊಳ್ಳುವುದು, ಕೂದಲು ಬಾಚಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯೇ ಪಾತ್ರಕ್ಕೆ ಮೊದಲ ಅಭ್ಯಾಸ ಕೊಡುತ್ತದೆ: ಬೇರೆ ಯಾರಾದರೂ ಬಾಚಬೇಕು, ಇಲ್ಲವೇ ತಲೆ ಬೋಳಿಸಿರಬೇಕು.

ಹುಟ್ಟಿನ ನಿಯಮದಲ್ಲಿ ಲೆಕ್ಕ ತಪ್ಪುವವರೇ ಜಾಸ್ತಿ. ಪ್ರತಿ ವ್ಯಾಂಪೈರ್ ತಿಂಗಳಿಗೆ ಒಬ್ಬರನ್ನು ಕಚ್ಚಿ, ಕಚ್ಚಿಸಿಕೊಂಡವರೆಲ್ಲ ವ್ಯಾಂಪೈರ್ ಆದರೆ ಸಂಖ್ಯೆ ತಿಂಗಳು ತಿಂಗಳು ಇಮ್ಮಡಿಯಾಗುತ್ತದೆ. ಒಬ್ಬನಿಂದ ಶುರುವಾಗಿ 33 ತಿಂಗಳಿಗೆ 800 ಕೋಟಿ ದಾಟುತ್ತದೆ, ಭೂಮಿಯ ಜನವೇ ಮುಗಿದುಹೋಯಿತು. ಹಾಗಾಗಿ ಹುಟ್ಟನ್ನು ಕಷ್ಟವಾಗಿಸಿ. ನೂರಕ್ಕೊಬ್ಬರು ಉಳಿಯಲಿ, ಅಥವಾ ಮಾಡಿದವನು ತನ್ನದೇನಾದರೂ ಕಳೆದುಕೊಳ್ಳಲಿ.

ಹಂತ 2: ಹಸಿವಿನ ಲೆಕ್ಕ

ನನ್ನ ಮಟ್ಟಿಗೆ ಪಾತ್ರ ಹುಟ್ಟುವುದೇ ಇಲ್ಲಿ. ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ: ಎಷ್ಟು ರಕ್ತ ಬೇಕು, ಎಷ್ಟು ದಿನಕ್ಕೊಮ್ಮೆ, ಯಾರಿಂದ, ಸಿಗದಿದ್ದರೆ ಏನಾಗುತ್ತದೆ. "ಬೇಕಾದಾಗ ಕುಡಿಯುತ್ತಾನೆ" ಎಂಬ ಉತ್ತರ ನಡೆಯುವುದಿಲ್ಲ.

ವಾಸ್ತವದ ಅಂಕಿಗಳು ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತವೆ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಒಮ್ಮೆ ರಕ್ತದಾನ ಮಾಡಿದರೆ ತೆಗೆಯುವುದು 350ರಿಂದ 450 ಮಿ.ಲೀ. ಮುಕ್ಕಾಲು ಲೀಟರ್‌ವರೆಗೆ ಹೋದರೂ ಆರೋಗ್ಯವಂತ ದೇಹ ಹೇಗೋ ನಿಭಾಯಿಸುತ್ತದೆ. ಎರಡು ಲೀಟರ್ ದಾಟಿದರೆ, ಚಿಕಿತ್ಸೆ ಸಿಗದಿದ್ದಲ್ಲಿ, ಜೀವ ಉಳಿಯುವುದು ಕಷ್ಟ. ಹೋದ ರಕ್ತದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳು ಮೊದಲಿನಂತಾಗಲು ವಾರಗಳೇ ಹಿಡಿಯುತ್ತವೆ.

ಒಂದು ಉದಾಹರಣೆ ಕಟ್ಟೋಣ. ನಮ್ಮ ಪಾತ್ರ ಒಬ್ಬ ಅಂಬಿಗ. ಅವನಿಗೆ ಹತ್ತು ದಿನಕ್ಕೊಮ್ಮೆ 400 ಮಿ.ಲೀ. ಬೇಕು, ಕೊಲ್ಲಲು ಮನಸ್ಸಿಲ್ಲ. ಒಬ್ಬರು ಚೇತರಿಸಿಕೊಳ್ಳಲು ಒಂದೂವರೆ ತಿಂಗಳು ಎಂದು ಹಿಡಿದರೆ, ಅವನಿಗೆ ಕನಿಷ್ಠ ಐದು ಜನ ಬೇಕಾಯಿತು. ಯಾರು ಈ ಐವರು? ಒಬ್ಬರಿಗೆ ಅವನ ಮೇಲೆ ಋಣ ಇರಬಹುದು, ಒಬ್ಬರು ಹೆದರಿ ಕೊಡಬಹುದು, ಇನ್ನೊಬ್ಬರಿಗೆ ಏನು ನಡೆಯುತ್ತಿದೆ ಎಂದೇ ಗೊತ್ತಿಲ್ಲದಿರಬಹುದು. ಐವರಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಉಳಿದ ನಾಲ್ವರ ಸರದಿ ಹತ್ತಿರ ಬರುತ್ತದೆ. ನೋಡಿ, ಲೆಕ್ಕ ಹಾಕುವ ಹೊತ್ತಿಗೆ ಐದು ಉಪಪಾತ್ರಗಳೂ ಒಂದು ಕಥಾನಕವೂ ಕೈಗೆ ಬಂದವು. ಶಕ್ತಿಗಳ ಪಟ್ಟಿಯಿಂದ ಇದು ಸಿಗುವುದಿಲ್ಲ.

ಕೊನೆಯ ಪ್ರಶ್ನೆಗೆ ನಿಜವಾದ ರಕ್ತಹೀರುವ ಬಾವಲಿಗಳನ್ನು ನೋಡಿ. ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಇವುಗಳ ಮೂರು ಜಾತಿಗಳಿವೆ. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸತ್ತೇಹೋಗುತ್ತವೆ. ಹಸಿದ ಜೊತೆಗಾರನಿಗೆ ಹೊಟ್ಟೆ ತುಂಬಿದ ಬಾವಲಿ ತಾನು ಕುಡಿದ ರಕ್ತವನ್ನೇ ಕಕ್ಕಿ ಕೊಡುವುದೂ ಉಂಟು. ಅಂಥ ಹಂಚಿಕೆ ನಿಮ್ಮ ವ್ಯಾಂಪೈರ್ ಕುಲದಲ್ಲಿದ್ದರೆ ಸಾಲ, ನಿಷ್ಠೆ, ದ್ರೋಹ ಎಲ್ಲಕ್ಕೂ ಜಾಗ ಸಿಗುತ್ತದೆ.

ಎಚ್ಚರಿಕೆಯ ಗುರುತು: ಹಸಿವು ಮೊದಲ ಅಧ್ಯಾಯದಲ್ಲಿ ಭಯಂಕರವಾಗಿದ್ದು, ಪ್ರೇಮ ಶುರುವಾದ ಮೇಲೆ ಮಾಯವಾಗಿದ್ದರೆ ಈ ಹಂತ ಸರಿಯಾಗಿ ಆಗಿಲ್ಲ.

ಹಂತ 3: ಎರಡು ವಯಸ್ಸು, ಒಂದು ಪಟ್ಟಿ

ವ್ಯಾಂಪೈರ್‌ಗೆ ಎರಡು ವಯಸ್ಸು. ದೇಹ ನಿಂತ ವಯಸ್ಸು ಒಂದು, ಬದುಕಿದ ವಯಸ್ಸು ಇನ್ನೊಂದು. ಸ್ಪ್ರೆಡ್‌ಶೀಟಿನಲ್ಲಿ ಹುಟ್ಟಿದ ವರ್ಷ, ವ್ಯಾಂಪೈರ್ ಆದ ವರ್ಷ, ಈಗಿನ ವರ್ಷ ಬರೆದು ನಡುವೆ ಮೂವತ್ತು ವರ್ಷಕ್ಕೊಂದು ಸಾಲು ಹಾಕಿ. ಪ್ರತಿ ಸಾಲಿಗೂ ಎಲ್ಲಿದ್ದ, ಏನು ಕೆಲಸ ಮಾಡುತ್ತಿದ್ದ, ಯಾರು ಸತ್ತರು ಎಂದು ಒಂದೊಂದು ವಾಕ್ಯ. ತುಂಬಿಸಲು ಆಗದಷ್ಟು ಸಾಲುಗಳಾದರೆ ವಯಸ್ಸು ಇಳಿಸಿ. ಐನೂರು ವರ್ಷ ಎಂಬ ಅಂಕಿ ಕೇಳಲು ಗಂಭೀರ, ಆದರೆ ಎಂಬತ್ತು ವರ್ಷದ ವ್ಯಾಂಪೈರ್‌ನಲ್ಲಿ ಕಥೆ ಹೆಚ್ಚು. ಅವನ ತಂಗಿ ಇನ್ನೂ ಬದುಕಿರಬಹುದು, ಮುದುಕಿಯಾಗಿರಬಹುದು.

ದೇಹ ನಿಂತ ಆ ಗಳಿಗೆಯಲ್ಲಿ ಮೈಮೇಲೆ ಏನೇನಿತ್ತು ಎಂದು ಪ್ರತ್ಯೇಕವಾಗಿ ಬರೆದಿಡಿ. ಕಥೆ ನಮ್ಮ ಭೂಮಿಯಲ್ಲೇ ನಡೆಯುವುದಾದರೆ, 1750ರಲ್ಲಿ ಹುಟ್ಟಿದವರ ಮುಖದಲ್ಲಿ ಸಿಡುಬಿನ ಕಲೆ ಇರುವುದು ಸಹಜ. ಸಿಡುಬಿಗೆ ಲಸಿಕೆ ಬಂದದ್ದು 1796ರಲ್ಲಿ, ರೋಗ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ನುಣ್ಣನೆಯ ಅಮೃತಶಿಲೆಯ ಮುಖಕ್ಕಿಂತ ಆ ಕಲೆ ಎಷ್ಟೋ ಹೇಳುತ್ತದೆ, ಇಂದಿನ ಜನಕ್ಕೆ ಅದೇನೆಂದು ಗುರುತೂ ಸಿಗುವುದಿಲ್ಲ. ನಮ್ಮ ಅಂಬಿಗನ ಅಂಗೈ ತುಂಬ ಹುಟ್ಟು ಹಾಕಿ ಹಾಕಿ ಎದ್ದ ಜಡ್ಡು. ಹುಟ್ಟು ಕೈಬಿಟ್ಟು ಅರವತ್ತು ವರ್ಷವಾದರೂ ಅದು ಹಾಗೇ ಇದೆ.

ಇಲ್ಲಿ ಆಗುವ ತಪ್ಪು: ಹಳಬನಿಗೆ ಎಲ್ಲವೂ ಗೊತ್ತು ಎಂದುಕೊಳ್ಳುವುದು. ಹತ್ತು ಭಾಷೆ, ಕತ್ತಿವರಸೆ, ಪಿಯಾನೊ. ಕಲಿಯಲು ವರ್ಷಗಳಿದ್ದವು ನಿಜ, ಆದರೆ ಕಲಿತದ್ದು ಮರೆಯಲೂ ಇದ್ದವಲ್ಲ. ಅವನಿಗೆ ಏನು ಮರೆತಿದೆ ಎಂಬುದನ್ನೂ ಬರೆಯಿರಿ.

ಹಂತ 4: ಬೇಕಾದದ್ದು, ಅಡ್ಡ ಬರುವುದು

ಇದು ಚಿಕ್ಕ ಹಂತ, ಎರಡೇ ವಾಕ್ಯ. ಪಾತ್ರಕ್ಕೆ ಏನು ಬೇಕು, ವ್ಯಾಂಪೈರ್ ಆಗಿರುವುದರಿಂದಲೇ ಅದು ಯಾಕೆ ಸಿಗುತ್ತಿಲ್ಲ. ಎರಡನೆಯದು ಹಂತ 1ರ ಯಾವುದಾದರೂ ನಿಯಮಕ್ಕೆ ನೇರ ತಾಗಬೇಕು. ಹರಿಯುವ ನೀರು ದಾಟಲಾಗದು ಎಂಬುದು ವ್ಯಾಪಾರಿಗೆ ಬರೀ ಕಿರಿಕಿರಿ. ಅಂಬಿಗನಿಗೆ ಹಾಗಲ್ಲ. ಅವನ ಮನೆ ಇರುವುದು ಆಚೆ ದಡದಲ್ಲಿ.

ಸೇಡು ಎಂದು ಬರೆಯುವ ಮನಸ್ಸಾದರೆ ಒಮ್ಮೆ ನಿಲ್ಲಿ. ಯಾರ ಮೇಲಿನ ಸೇಡು, ಆ ವ್ಯಕ್ತಿ ಇನ್ನೂ ಬದುಕಿದ್ದಾರಾ? ಬಹುಪಾಲು ಕಥೆಗಳಲ್ಲಿ ಅವರು ಸತ್ತು ಎರಡು ಶತಮಾನ ಆಗಿರುತ್ತದೆ, ಬರೆದವರಿಗೇ ಅದು ಹೊಳೆದಿರುವುದಿಲ್ಲ.

ಹಂತ 5: ಈಗ ರೂಪ

ಬರೆದದ್ದನ್ನೆಲ್ಲ ಎದುರಿಗಿಟ್ಟುಕೊಂಡು ಚಿತ್ರಕ್ಕೆ ಕೂರಿ. ಮೈಮೇಲಿನ ಪ್ರತಿ ವಿವರಕ್ಕೂ ಹಿಂದಿನ ಹಂತಗಳಲ್ಲಿ ಒಂದು ಕಾರಣ ಸಿಗಬೇಕು. ಕಾರಣ ಸಿಗದ ಅಲಂಕಾರ ಒಂದೋ ಎರಡೋ ಇರಲಿ, ಸಂತೋಷಕ್ಕೆ. ಅದಕ್ಕಿಂತ ಹೆಚ್ಚು ಬೇಡ.

ಮೊದಲು ಆಕಾರ. ಹೆಬ್ಬೆರಳಿನಷ್ಟು ಸಣ್ಣ ಹತ್ತು ಸ್ಕೆಚ್ ಹಾಕಿ, ಒಳಗೆಲ್ಲ ಕಪ್ಪು ತುಂಬಿ. ಬರೀ ನೆರಳಿನಿಂದ ಈ ಪಾತ್ರ ಇದೇ ಎಂದು ಗುರುತಿಸಲು ಆಗಬೇಕು. ನಿಮ್ಮ ಕಥೆಯ ಇತರ ವ್ಯಾಂಪೈರ್‌ಗಳ ನೆರಳನ್ನೂ ಪಕ್ಕದಲ್ಲಿ ಇಡಿ. ಎಲ್ಲರಿಗೂ ಎತ್ತರದ ಕಾಲರ್, ಉದ್ದ ಕೋಟು ಇದ್ದರೆ ಇದೇ ಹಾಳೆಯಲ್ಲಿ ಬಯಲಾಗುತ್ತದೆ. ಅಂಬಿಗನ ಭುಜ ಅಗಲ, ಬೆನ್ನು ಒಂದು ಬದಿಗೆ ವಾಲಿದೆ, ಪಂಚೆ ಮೊಣಕಾಲಿನ ಮೇಲಕ್ಕೆ ಕಟ್ಟಿದ್ದಾನೆ. ಕಪ್ಪು ತುಂಬಿದರೂ ಅವನೇ.

ಆಮೇಲೆ ಕಪ್ಪು-ಬಿಳುಪು ಪರೀಕ್ಷೆ. ವ್ಯಾಂಪೈರ್ ಕಥೆಯ ಮುಖ್ಯ ದೃಶ್ಯಗಳೆಲ್ಲ ರಾತ್ರಿಯವು. ಕಪ್ಪು ಬಟ್ಟೆಯ ಪಾತ್ರ ಕಪ್ಪು ಹಿನ್ನೆಲೆಯಲ್ಲಿ ಕರಗಿ, ಮುಖವೊಂದು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಬಣ್ಣ ಹಾಕಿದ ಚಿತ್ರವನ್ನು ಫೋನಿನಲ್ಲಿ ತೆಗೆದು ಬಣ್ಣ ಪೂರ್ತಿ ಇಳಿಸಿ ನೋಡಿ. ಮುಖ, ಕೈ, ಬಟ್ಟೆ ಮೂರೂ ಬೇರೆ ಬೇರೆ ಬೂದು ಛಾಯೆಯಲ್ಲಿ ಕಂಡರೆ ಮುಂದುವರಿಯಿರಿ.

ಕೆಂಪಿನ ಬಗ್ಗೆ ಒಂದು ಮಾತು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬಲುಬೇಗ ಕಪ್ಪಾಗುತ್ತದೆ, ನೀಲಿ-ಹಸಿರು ತುಸು ಬೆಳಗಿದಂತೆ ಕಾಣುತ್ತದೆ. ಇದಕ್ಕೆ ಪರ್ಕಿಂಜೆ ಪರಿಣಾಮ ಎನ್ನುತ್ತಾರೆ. ಅಂದರೆ ಬೆಳದಿಂಗಳಲ್ಲಿ "ಕೆಂಪಗೆ ಮಿರುಗುವ ಮೇಲಂಗಿ" ಎಂದು ಬರೆದರೆ ಅದು ಸುಳ್ಳು. ಮನುಷ್ಯ ನೋಡಿದರೆ ಅದು ಕಪ್ಪು, ದೀಪದ ಬಳಿ ಬಂದಾಗ ಮಾತ್ರ ಕೆಂಪು. ಈ ಬದಲಾವಣೆಯನ್ನೇ ದೃಶ್ಯವಾಗಿ ಬಳಸಬಹುದು. ವ್ಯಾಂಪೈರ್ ಕಣ್ಣಿಗೆ ಕತ್ತಲಲ್ಲೂ ಕೆಂಪು ಕಾಣುತ್ತದೆ ಎಂದು ನಿಯಮ ಮಾಡಿಕೊಂಡರೆ ಇನ್ನೂ ಸೊಗಸು. ರಕ್ತವೂ ಚಿತ್ರಗಳಲ್ಲಿ ಬಳಿಯುವ ಹೊಳೆಯುವ ಕೆಂಪಿನಲ್ಲಿ ಉಳಿಯುವುದಿಲ್ಲ. ಒಣಗಿದರೆ ಕಂದು, ತೋಳಿನ ಮೇಲಿನ ಹಳೆಯ ಕಲೆ ತುಕ್ಕಿನ ಬಣ್ಣ.

ಕಣ್ಣು ಹೊಳೆಯಬೇಕೆಂದಿದ್ದರೆ ಹೊಳಪು ಒಳಗಿನಿಂದ ಬರುವುದು ಬೇಡ. ಬೆಕ್ಕು, ನಾಯಿ, ದನಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಂದಕ್ಕೆ ಚಿಮ್ಮಿಸುವ ಪದರ ಇದೆ, ಮನುಷ್ಯರಿಗೆ ಇಲ್ಲ. ಅಂಥ ಪದರ ಕೊಟ್ಟರೆ ಎದುರಿಗೆ ಲಾಂದ್ರವೋ ಟಾರ್ಚೋ ಇದ್ದಾಗ ಮಾತ್ರ ಕಣ್ಣು ಮಿನುಗುತ್ತದೆ, ಉಳಿದ ಹೊತ್ತಿನಲ್ಲಿ ಸಾಮಾನ್ಯ ಕಣ್ಣು. ಬಚ್ಚಿಟ್ಟುಕೊಳ್ಳಬೇಕಾದ ಪಾತ್ರಕ್ಕೆ ಇದು ಹೇಳಿಮಾಡಿಸಿದ್ದು.

ಹಲ್ಲು ಬಿಡಿಸುವ ಮೊದಲು ಬಾಯಿ ಮುಚ್ಚಿಸಿ ನೋಡಿ. ಕೋರೆಹಲ್ಲು ಅಷ್ಟುದ್ದ ಇದ್ದರೆ ಕೆಳತುಟಿಗೆ ಚುಚ್ಚುತ್ತದೆ, ಮಾತು ತೊದಲುತ್ತದೆ. ಬಾವಲಿಗಳು ಚರ್ಮ ಕತ್ತರಿಸುವುದು ಮುಂದಿನ ಬಾಚಿಹಲ್ಲಿನಿಂದ, ರಕ್ತ ಹೀರುವುದೂ ಇಲ್ಲ, ನಾಲಿಗೆಯಿಂದ ನೆಕ್ಕುತ್ತವೆ. ಇನ್ನು ಕತ್ತು ಕಚ್ಚುವ ದೃಶ್ಯ. ಕತ್ತಿನ ಬದಿಯ ಅಪಧಮನಿ ಹರಿದರೆ ರಕ್ತ ಚಿಮ್ಮಿ ಕೆಲವೇ ನಿಮಿಷದಲ್ಲಿ ಸಾವು. ಎರಡು ಪುಟ್ಟ ತೂತು ಬಿದ್ದು ಬೆಳಿಗ್ಗೆ ತಲೆಸುತ್ತು ಬರುವುದಿಲ್ಲ. ಜೀವ ಉಳಿಸುವ ವ್ಯಾಂಪೈರ್ ಆದರೆ ಮೊಣಕೈ ಒಳಭಾಗದ ಅಭಿಧಮನಿಯನ್ನೇ ಹುಡುಕುತ್ತದೆ, ರಕ್ತ ತೆಗೆಯುವ ದಾದಿಯ ಹಾಗೆ.

ಎಲ್ಲ ಮುಗಿದ ಮೇಲೆ ಒಂದು ಪೂರ್ಣ ಹಾಳೆ ಮಾಡಿ: ಎದುರು, ಪಕ್ಕ, ಬೆನ್ನು, ಎರಡೂ ಕೈ, ಹೊಟ್ಟೆ ತುಂಬಿದ ಮುಖ, ಹಸಿದ ಮುಖ. ಚಿತ್ರ ಬಾರದವರು ಇದನ್ನೇ ಐದು ವಾಕ್ಯದಲ್ಲಿ ಬರೆಯಿರಿ. "ಸುಂದರ", "ನಿಗೂಢ", "ಭವ್ಯ" ಇಂಥ ಪದ ಒಂದೂ ಬರಬಾರದು.

ಹಂತ 6: ಹೆಸರು ಮತ್ತು ಮಾತು

ಹೆಸರಿಟ್ಟವರು ಹೆತ್ತವರು. ಕೂಸು ಮುಂದೆ ರಕ್ತ ಕುಡಿಯುತ್ತದೆಂದು ಅವರಿಗೇನು ಗೊತ್ತು? ಆದ್ದರಿಂದ ಕತ್ತಲು, ರಕ್ತ, ಸಾವು ಎಂಬ ಅರ್ಥದ ಹೆಸರು ಹುಟ್ಟಿನಿಂದಲೇ ಬಂದಿರಲು ಸಾಧ್ಯವಿಲ್ಲ. ತಾನೇ ಇಟ್ಟುಕೊಂಡಿದ್ದರೆ, ಹಳೆಯ ಹೆಸರು ಏನು, ಈಗಲೂ ಅದರಿಂದ ಕರೆಯುವವರು ಯಾರು ಎಂದು ಬರೆದಿಡಿ.

ಮಾತಿನಲ್ಲಿ ಹಳೆತನ ತರಲು ಪ್ರತಿ ವಾಕ್ಯಕ್ಕೂ ಹಳಗನ್ನಡದ ಲೇಪ ಬೇಕಿಲ್ಲ. ನೂರು ವರ್ಷ ಜನರ ನಡುವೆ ಬದುಕಿದವರು ಜನರಂತೆಯೇ ಮಾತಾಡುತ್ತಾರೆ, ಇಲ್ಲದಿದ್ದರೆ ಎಂದೋ ಸಿಕ್ಕಿಬೀಳುತ್ತಿದ್ದರು. ಎರಡೇ ಎರಡು ಪದ, ಇಲ್ಲವೇ ಒಂದು ಅಳತೆ ಹಳೆಯದಾಗಿರಲಿ. ಅಂಬಿಗ ದೂರವನ್ನು ಹರಿದಾರಿಯಲ್ಲೇ ಹೇಳುತ್ತಾನೆ. ಸಿಟ್ಟು ಬಂದಾಗ, ಗಾಬರಿಯಾದಾಗ ಮಾತ್ರ ಹಳೆಯ ಮಾತು ಹೊರಬರಲಿ.

ಹಂತ 7: ಮೂರು ದೃಶ್ಯದಲ್ಲಿ ಓಡಿಸಿ ನೋಡಿ

ಕಥೆಗೆ ಸೇರದ ಮೂರು ಪುಟ್ಟ ದೃಶ್ಯ ಬರೆಯಿರಿ. ಹಸಿದಿರುವಾಗ ಇಷ್ಟದ ವ್ಯಕ್ತಿಯ ಬೆರಳು ಕೊಯ್ದುಕೊಂಡದ್ದು, ಬೆಳಕು ಹರಿಯುವ ಹೊತ್ತಿಗೆ ಅಪರಿಚಿತ ಜಾಗದಲ್ಲಿ ಸಿಕ್ಕಿಕೊಂಡದ್ದು, ಮಗುವೊಂದು "ನಿನಗೆ ಎಷ್ಟು ವಯಸ್ಸು?" ಎಂದು ಕೇಳಿದ್ದು. ನಂತರ ಪಾತ್ರದ ಹೆಸರು ತೆಗೆದು ಬೇರೆ ವ್ಯಾಂಪೈರ್‌ನ ಹೆಸರು ಹಾಕಿ ಓದಿ. ಏನೂ ವ್ಯತ್ಯಾಸ ಅನಿಸದಿದ್ದರೆ ಹಂತ 2ಕ್ಕೆ ಹಿಂತಿರುಗಿ, ಚಿತ್ರಕ್ಕೆ ಕೈ ಹಾಕಬೇಡಿ.

ಹಳೆಯ ಪಾತ್ರದ ರೀಡಿಸೈನ್

ಕಷ್ಟದ ಕೆಲಸ ಇದು. ಹೊಸ ಪಾತ್ರವನ್ನು ಬಿಸಾಕಬಹುದು, ಹಳೆಯದರ ಮೇಲೆ ಮಮತೆ ಬೆಳೆದಿರುತ್ತದೆ. ಮೊದಲು ಹಳೆಯ ಚಿತ್ರ, ಬರಹ ಎಲ್ಲವನ್ನೂ ದಿನಾಂಕ ಹಾಕಿ ಬೇರೆ ಫೋಲ್ಡರಿನಲ್ಲಿ ಇಡಿ. ಹಳೆಯ ಫೈಲಿನ ಮೇಲೇ ಹೊಸದನ್ನು ಸೇವ್ ಮಾಡಬೇಡಿ, ಯಾವುದೋ ಒಂದು ಮೂಗಿನ ಗೆರೆಗಾಗಿ ಮತ್ತೆ ಹುಡುಕುತ್ತೀರಿ.

1. ಪಟ್ಟಿ ಮಾಡಿ. ಪಾತ್ರದ ಪ್ರತಿ ಲಕ್ಷಣವನ್ನು ಮೂರು ಕಾಲಮಿನಲ್ಲಿ ಹಂಚಿ: ಕಥೆ ಇದರ ಮೇಲೆ ನಿಂತಿದೆ, ನನಗೆ ಇಷ್ಟ, ಯಾಕೆ ಇದೆಯೋ ಗೊತ್ತಿಲ್ಲ. ಮೂರನೇ ಕಾಲಂ ಉದ್ದವಾಗಿದ್ದರೆ ಗಾಬರಿ ಬೇಡ, ಅದೇ ಸಾಮಾನ್ಯ.

2. ಉಳಿಯುವ ಮೂರನ್ನು ಆರಿಸಿ. ಓದಿದವರನ್ನು ಕೇಳಿ: "ಇವಳ ಬಗ್ಗೆ ನಿನಗೆ ಏನು ನೆನಪಿದೆ?" ಚಿತ್ರ ತೋರಿಸದೆ ಕೇಳಬೇಕು. ಅವರು ಹೇಳಿದ್ದರಲ್ಲಿ ಮೂರನ್ನು ಮುಟ್ಟಬೇಡಿ. ಮೂರೂ ಬದಲಾದರೆ ಅದು ಬೇರೆ ಪಾತ್ರ, ಹೊಸ ಹೆಸರು ಕೊಟ್ಟು ಬಿಡಿ.

3. ಉಳಿದದ್ದಕ್ಕೆ ಕಾರಣ ಹುಡುಕಿ. ನಿಶಾ ಎಂಬ ಪಾತ್ರ ಇದೆ ಎನ್ನಿ: ಬೆಳ್ಳಿ ಕೂದಲು, ಕೆಂಪು ಕಣ್ಣು, ಕಪ್ಪು ಗೌನು, ಮುನ್ನೂರು ವರ್ಷ, ಸದಾ ದುಃಖ. ಓದುಗರಿಗೆ ನೆನಪಿರುವುದು ಒಂದೇ, ಅವಳು ಸಿಕ್ಕಿದ್ದನ್ನೆಲ್ಲ ಎಣಿಸುತ್ತಾಳೆ. ಚೆಲ್ಲಿದ ಕಾಳು ಕಂಡರೆ ವ್ಯಾಂಪೈರ್ ಎಣಿಸುತ್ತಾ ಕೂರುತ್ತದೆ ಎಂಬುದು ಯುರೋಪಿನ ಹಳೆಯ ಜಾನಪದ ನಂಬಿಕೆ. ಬರೆದವರು ಅದನ್ನು ತಮಾಷೆಗೆ ಸೇರಿಸಿದ್ದರು. ರೀಡಿಸೈನ್ ಶುರುವಾಗಬೇಕಾದದ್ದು ಇಲ್ಲಿಂದಲೇ. ಯಾಕೆ ಎಣಿಸುತ್ತಾಳೆ? ಕಣಜದ ಲೆಕ್ಕ ಬರೆಯುತ್ತಿದ್ದವಳು, ಬರಗಾಲದ ವರ್ಷ ಸುಳ್ಳು ಲೆಕ್ಕ ಬರೆದಳು, ಜನ ಸತ್ತರು. ಈಗ ನೋಡಿ: ಗೌನು ಹೋಯಿತು, ಮೊಣಕೈವರೆಗೆ ಮಡಚಿದ ತೋಳು ಬಂತು. ಬಲಗೈ ನಡುಬೆರಳಿನ ಪಕ್ಕದಲ್ಲಿ ಲೇಖನಿ ಒತ್ತಿ ಆದ ತಗ್ಗು, ಅದರೊಳಗೆ ಎಂದೂ ಹೋಗದ ಶಾಯಿ. ಕೂದಲು ಬೆಳ್ಳಿಯೇ ಇರಲಿ, ಆದರೆ ಐವತ್ತರ ಹೆಂಗಸಿನ ನರೆಗೂದಲು. ಹುಟ್ಟಿನ ಹೆಸರು ಚೆನ್ನಿ, ನಿಶಾ ಎಂಬುದು ಆಮೇಲೆ ಇಟ್ಟುಕೊಂಡದ್ದು. ದುಃಖದ ಬಗ್ಗೆ ಒಂದು ಸಾಲೂ ಬರೆಯಬೇಕಿಲ್ಲ, ಅವಳು ಮತ್ತೆ ಮೊದಲಿನಿಂದ ಎಣಿಸಿದರೆ ಸಾಕು.

4. ಸುತ್ತಲಿನವರನ್ನು ಪರಿಶೀಲಿಸಿ. ಒಂದು ಪಾತ್ರದ ವಯಸ್ಸು ಬದಲಾದರೆ ಅವಳನ್ನು ವ್ಯಾಂಪೈರ್ ಮಾಡಿದವನ ವಯಸ್ಸು, ಅವಳು ಮಾಡಿದವರ ವಯಸ್ಸು ಎಲ್ಲ ಜಾರುತ್ತವೆ. ಹಂತ 3ರ ಪಟ್ಟಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಇಟ್ಟು ತಾಳೆ ನೋಡಿ.

ರೀಡಿಸೈನ್ ದಾರಿ ತಪ್ಪಿದೆ ಎಂಬ ಸೂಚನೆಗಳು ಕೆಲವು ಇವೆ. ಹೊಸ ಹಾಳೆಯಲ್ಲಿ ಬಟ್ಟೆ, ಆಭರಣ, ಗಾಯದ ಗುರುತು ಮಾತ್ರ ಹೆಚ್ಚಿದ್ದರೆ. ಬೇರೆಯವರ ಪಾತ್ರವನ್ನು ನೋಡಿದ ವಾರದಲ್ಲೇ ಬದಲಾಯಿಸುವ ಮನಸ್ಸು ಬಂದಿದ್ದರೆ. ಒಂದೇ ಪಾತ್ರವನ್ನು ವರ್ಷಕ್ಕೆ ನಾಲ್ಕು ಸಲ ತಿದ್ದಿ ಕಥೆಯ ಪುಟ ಒಂದೂ ಮುಂದೆ ಹೋಗದಿದ್ದರೆ. ಇವುಗಳಲ್ಲಿ ಯಾವುದು ಕಂಡರೂ ಹಾಳೆ ಪಕ್ಕಕ್ಕಿಟ್ಟು ಒಂದು ಅಧ್ಯಾಯ ಬರೆಯಿರಿ.

ಕಥೆ ಆಗಲೇ ಓದುಗರ ಕೈಸೇರಿದ್ದರೆ

ಎರಡೇ ದಾರಿ. ಮೊದಲನೆಯದು, ಬದಲಾವಣೆಯನ್ನು ಕಥೆಯೊಳಗೇ ತರುವುದು: ಹಸಿವಿನ ದೀರ್ಘ ಅವಧಿ ದೇಹವನ್ನು ಬದಲಿಸಿತು, ಅಥವಾ ಈವರೆಗೆ ನಾವು ಕಂಡದ್ದು ಅವಳು ಜನಕ್ಕೆ ತೋರಿಸುತ್ತಿದ್ದ ವೇಷ. ಇದಕ್ಕೆ ಹಂತ 1ರ ನಿಯಮಗಳು ಒಪ್ಪಬೇಕು. ಎರಡನೆಯದು, ಹಳೆಯ ಅಧ್ಯಾಯಗಳನ್ನೆಲ್ಲ ತಿದ್ದಿ ಪರಿಷ್ಕೃತ ಆವೃತ್ತಿ ಎಂದು ಮೇಲೆಯೇ ಬರೆದು ಹಾಕುವುದು. ನಡುವೆ ಒಂದು ಅಧ್ಯಾಯದಿಂದ ಸದ್ದಿಲ್ಲದೆ ಕಣ್ಣಿನ ಬಣ್ಣ ಬದಲಾಯಿಸಿದರೆ ಓದುಗರು ಹಿಡಿಯುತ್ತಾರೆ. ತಿದ್ದುವಾಗ ಪಾತ್ರದ ಹೆಸರು, ಕಣ್ಣು, ಕೂದಲು, ವಯಸ್ಸು, ಹಲ್ಲು ಎಂಬ ಪದಗಳನ್ನು ಒಂದೊಂದಾಗಿ ಇಡೀ ಫೈಲಿನಲ್ಲಿ ಹುಡುಕಿ, ಸಿಕ್ಕ ಕಡೆಯೆಲ್ಲ ಹೊಸ ಹಾಳೆಗೆ ತಾಳೆ ಹಾಕಿ. ಇತರ ಪಾತ್ರಗಳ ಸಂಭಾಷಣೆಯನ್ನು ಮರೆಯಬೇಡಿ. ನಿರೂಪಣೆಯಲ್ಲಿ ಎಲ್ಲ ಸರಿಹೋದ ಮೇಲೂ ಹದಿನಾಲ್ಕನೇ ಅಧ್ಯಾಯದಲ್ಲಿ ಯಾರೋ "ಆ ಕೆಂಪುಗಣ್ಣಿನವಳು" ಎಂದು ಬೈಯುತ್ತಿರುತ್ತಾರೆ.